ದೇಹಕ್ಕೆ ತನ್ನದು ಯಾವುದೆಂದು ಹೇಗೆ ಗೊತ್ತು?

ಮಾವಿನ ಸಸಿಗೆ ಕಸಿ ಕಟ್ಟುವುದನ್ನು ನೀವು ನೋಡಿರಬಹುದು. ವಾಟೆಯಿಂದ ಹುಟ್ಟಿದ ನಾಟಿ ಸಸಿಯ ತಲೆಯನ್ನು ಕತ್ತರಿಸಿ, ಅದರ ಸೀಳಿನಲ್ಲಿ ರಸಪುರಿ ಅಥವಾ ಬಾದಾಮಿ ಮರದ ಕುಡಿಯನ್ನು ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಕೆಲವು ವಾರಗಳಲ್ಲಿ ಎರಡೂ ಒಂದಾಗುತ್ತವೆ. ಬೇರು ಒಂದು ಮರದ್ದು, ಹಣ್ಣು ಇನ್ನೊಂದು ಮರದ್ದು. ಅವುಗಳ ನಡುವೆ ಜಗಳವೇ ಇಲ್ಲ.

ಹಾಗಾದರೆ ಒಬ್ಬರ ಚರ್ಮವನ್ನು ಇನ್ನೊಬ್ಬರ ಗಾಯದ ಮೇಲೆ ಕಸಿ ಕಟ್ಟಬಹುದಲ್ಲವೇ? ಕಟ್ಟಬಹುದು. ಮೊದಲ ಕೆಲವು ದಿನ ಅದು ಚೆನ್ನಾಗಿ ಅಂಟಿಕೊಳ್ಳುತ್ತದೆ. ರಕ್ತವೂ ಹರಿಯತೊಡಗುತ್ತದೆ. ಆಮೇಲೆ ಊದಿಕೊಂಡು, ಬಣ್ಣಗೆಟ್ಟು, ಒಣಗಿ ಉದುರಿಹೋಗುತ್ತದೆ. ಮಾವಿನ ಗಿಡ ಒಪ್ಪಿಕೊಂಡದ್ದನ್ನು ನಮ್ಮ ದೇಹ ಏಕೆ ಒಪ್ಪುವುದಿಲ್ಲ? ಗಿಡದೊಳಗೆ ಊರೆಲ್ಲ ಸುತ್ತುವ ಕಾವಲುಗಾರರಿಲ್ಲ. ನಮ್ಮ ರಕ್ತದಲ್ಲಿ ಇದ್ದಾರೆ. ಅವರು ಎದುರಾದ ಪ್ರತಿಯೊಂದು ಜೀವಕೋಶವನ್ನೂ "ನೀನು ನಮ್ಮವನೋ, ಪರಕೀಯನೋ?" ಎಂದು ಪರೀಕ್ಷಿಸುತ್ತಾರೆ. ಇದನ್ನು ಕಂಡುಹಿಡಿದ ಬಗೆ ಸ್ವಾರಸ್ಯವಾಗಿದೆ.

ಪುಣೆಯ ಮೂಗು

ನಮ್ಮ ದೇಶಕ್ಕೆ ಚರ್ಮದ ಕಸಿ ಹೊಸದಲ್ಲ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ರೂಪಿಸುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಕಾವಸ್‌ಜಿ ಎಂಬಾತನ ಚಿತ್ರ ಅಚ್ಚಾಯಿತು. ಆತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ. 1792ರ ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಬಳಿ ಒಬ್ಬ ದೇಶೀ ವೈದ್ಯ ಆತನ ಹಣೆಯ ಚರ್ಮವನ್ನೇ ಎಬ್ಬಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಮಾಡಿದ. ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಬಿಟ್ಟಿದ್ದ. ಮೂಗಿಗೆ ರಕ್ತ ಹರಿಯುವ ದಾರಿ ಅದು! ಚರ್ಮ ಕೂಡಿಕೊಂಡ ಮೇಲೆ ಆ ಪಟ್ಟಿಯನ್ನು ಕತ್ತರಿಸಿದ. ಓದಿದ ಇಂಗ್ಲೆಂಡಿನ ವೈದ್ಯರು ಬೆರಗಾದರು.

ಹಣೆಯೂ ಕಾವಸ್‌ಜಿಯದೇ, ಮೂಗೂ ಅವನದೇ. ಆದ್ದರಿಂದ ಕಸಿ ಹಿಡಿಯಿತು. ಇದನ್ನು ಮರೆಯಬೇಡಿ.

ಸುಟ್ಟ ಗಾಯಗಳ ಕಾಲ

1940ರಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪೀಟರ್ ಮೆಡಾವರ್ ಎಂಬ ಯುವ ಪ್ರಾಣಿವಿಜ್ಞಾನಿ ಹೆಂಡತಿ, ಮಗಳೊಂದಿಗೆ ಮನೆಯ ತೋಟದಲ್ಲಿದ್ದಾಗ ಹತ್ತಿರದಲ್ಲೇ ಒಂದು ಯುದ್ಧವಿಮಾನ ಬಿದ್ದು ಹೊತ್ತಿ ಉರಿಯಿತು. ವಿಮಾನದಲ್ಲಿದ್ದ ಯೋಧ ಬದುಕಿದ್ದ. ಆದರೆ ಅವನ ಮೈಯ ಬಹುಭಾಗ ಸುಟ್ಟುಹೋಗಿತ್ತು. ಇಷ್ಟೊಂದು ಗಾಯ ಮುಚ್ಚಲು ಅವನ ಮೈಯಲ್ಲಿ ಉಳಿದ ಚರ್ಮ ಸಾಲದು. ಬೇರೆಯವರ ಚರ್ಮ ಬಳಸುವಂತಿದ್ದರೆ? ಮೆಡಾವರ್ ಅವರ ಮುಂದಿನ ಬದುಕೆಲ್ಲ ಈ ಒಂದು ಪ್ರಶ್ನೆಯ ಹಿಂದೆ ಹೋಯಿತು.

ಅವರು ಗ್ಲಾಸ್ಗೋ ನಗರದ ಆಸ್ಪತ್ರೆಗೆ ಹೋಗಿ ಟಾಮ್ ಗಿಬ್ಸನ್ ಎಂಬ ಶಸ್ತ್ರವೈದ್ಯರ ಜೊತೆ ಸೇರಿದರು. ಅಲ್ಲಿ ತೀವ್ರವಾಗಿ ಸುಟ್ಟ ಗಾಯಗಳಾಗಿದ್ದ ಒಬ್ಬ ಯುವತಿ ಇದ್ದಳು. ಅವಳ ಗಾಯದ ಮೇಲೆ ಅವಳದೇ ಚರ್ಮದ ಚಿಕ್ಕ ಚಿಕ್ಕ ಚೂರುಗಳನ್ನು ಇಟ್ಟರು. ಪಕ್ಕದಲ್ಲೇ ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನ ಚರ್ಮದ ಚೂರುಗಳನ್ನೂ ಇಟ್ಟರು. ಅವಳ ಚೂರುಗಳು ಬೆಳೆದು ಹರಡಿದವು. ಸಹೋದರನ ಚೂರುಗಳೂ ಮೊದಲು ಹಿಡಿದವು, ಆಮೇಲೆ ಸತ್ತವು. ಹದಿನೈದು ದಿನಗಳ ನಂತರ ಅದೇ ಸಹೋದರನ ಚರ್ಮದ ಚೂರುಗಳನ್ನು ಎರಡನೆಯ ಸಲ ಇಟ್ಟರು. ಏನಾಗಿರಬಹುದು? ಈ ಸಲ ಅವು ಇನ್ನೂ ಬೇಗ ನಾಶವಾದವು!

ಇಲ್ಲಿ ಸ್ವಲ್ಪ ಯೋಚಿಸಿ. ಚರ್ಮ ಸುಮ್ಮನೆ ಒಣಗಿ ಸಾಯುವುದಾದರೆ ಎರಡೂ ಸಲ ಒಂದೇ ಸಮಯ ತೆಗೆದುಕೊಳ್ಳಬೇಕಿತ್ತು. ಎರಡನೆಯ ಸಲ ಬೇಗ ಆಯಿತೆಂದರೆ ದೇಹಕ್ಕೆ ಮೊದಲನೆಯ ಸಲದ ನೆನಪಿದೆ ಎಂದಾಯಿತು. ಒಮ್ಮೆ ದಡಾರ ಬಂದವರಿಗೆ ಸಾಮಾನ್ಯವಾಗಿ ಮತ್ತೆ ದಡಾರ ಬರುವುದಿಲ್ಲ. ಅದಕ್ಕೂ ಇದೇ ನೆನಪು ಕಾರಣ. ನಿಮಗೆ ಹಾಕಿದ ಲಸಿಕೆಗಳೂ ಇದೇ ನೆನಪನ್ನು ಮೂಡಿಸುತ್ತವೆ. ಅಂದರೆ ರೋಗಾಣುಗಳೊಡನೆ ಹೋರಾಡುವ ಸೈನ್ಯವೇ ಬೇರೆಯವರ ಚರ್ಮವನ್ನೂ ಹೊರಗಟ್ಟುತ್ತಿದೆ!

ಈ ಫಲಿತಾಂಶ 1943ರಲ್ಲಿ ಪ್ರಕಟವಾಯಿತು. ಒಬ್ಬ ರೋಗಿಯನ್ನು ನೋಡಿ ಮೆಡಾವರ್ ತೃಪ್ತರಾಗಲಿಲ್ಲ. ಆಕ್ಸ್‌ಫರ್ಡ್‌ಗೆ ಮರಳಿ 25 ಮೊಲಗಳನ್ನು ತೆಗೆದುಕೊಂಡು, ಪ್ರತಿಯೊಂದರ ಚರ್ಮದ ಚೂರನ್ನು ಪ್ರತಿಯೊಂದಕ್ಕೂ ಕಸಿ ಮಾಡಿದರು. ಲೆಕ್ಕ ಹಾಕಿ ನೋಡಿ: 625 ಕಸಿಗಳು! ತನ್ನದೇ ಚರ್ಮ ಉಳಿಯಿತು, ಬೇರೆಯದರ ಚರ್ಮ ಬಿತ್ತು.

ಮೈಮೇಲಿನ ಗುರುತು

ಸಹೋದರನ ಚರ್ಮವನ್ನು ನೋಡಿದರೆ ನಮಗೆ ಏನೂ ವ್ಯತ್ಯಾಸ ಕಾಣದು. ಆದರೆ ಕಾವಲುಗಾರರಿಗೆ ಕಾಣುತ್ತದೆ. ಏನನ್ನು ನೋಡಿ?

ಕೆಂಪು ರಕ್ತಕಣಗಳನ್ನು ಬಿಟ್ಟರೆ ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳ ಹೊರಮೈಯಲ್ಲಿ ವಿಶೇಷವಾದ ಪ್ರೋಟೀನುಗಳಿರುತ್ತವೆ. ಅವನ್ನು ಎಚ್‌ಎಲ್‌ಎ ಎಂದು ಕರೆಯುತ್ತಾರೆ. ಇಂತಹ ಗುರುತುಗಳನ್ನು ಇಲಿಗಳಲ್ಲಿ ಅಮೆರಿಕದ ಜಾರ್ಜ್ ಸ್ನೆಲ್, ಮನುಷ್ಯರಲ್ಲಿ ಫ್ರಾನ್ಸಿನ ಜಾನ್ ಡೋಸೆ ಪತ್ತೆ ಮಾಡಿದರು. 1980ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಈ ಪ್ರೋಟೀನನ್ನು ಒಂದು ಪುಟ್ಟ ತಟ್ಟೆ ಎಂದುಕೊಳ್ಳಿ. ಜೀವಕೋಶ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚಿಕ್ಕ ತುಣುಕುಗಳನ್ನು ಈ ತಟ್ಟೆಯಲ್ಲಿಟ್ಟು ಬಾಗಿಲ ಹೊರಗೆ ಹಿಡಿದಿರುತ್ತದೆ. "ನೋಡಿ, ನಮ್ಮ ಮನೆಯಲ್ಲಿ ಇವತ್ತು ಇದೇ ಅಡುಗೆ" ಎನ್ನುವ ಹಾಗೆ. ಬಿಳಿ ರಕ್ತಕಣಗಳಲ್ಲಿ ಟಿ-ಕೋಶ ಎಂಬ ಬಗೆಯವು ಬಂದು ತಟ್ಟೆಯನ್ನು ತಡವಿ ನೋಡುತ್ತವೆ. ಎಂದಿನ ತುಣುಕೇ ಇದ್ದರೆ ಮುಂದಕ್ಕೆ ಹೋಗುತ್ತವೆ. ಜೀವಕೋಶದೊಳಗೆ ವೈರಸ್ ಹೊಕ್ಕಿದ್ದರೆ ತಟ್ಟೆಯಲ್ಲಿ ವೈರಸ್ಸಿನ ತುಣುಕು ಇರುತ್ತದೆ. ಆಗ ಟಿ-ಕೋಶ ಆ ಜೀವಕೋಶವನ್ನೇ ಕೊಂದುಬಿಡುತ್ತದೆ. ಒಂದು ಕೋಶ ಹೋದರೆ ಹೋಗಲಿ, ವೈರಸ್ ಹರಡಬಾರದು.

ಬೇರೆಯವರ ಚರ್ಮ ಬಂದಾಗ ತುಣುಕಿನ ಮಾತು ಹಾಗಿರಲಿ, ತಟ್ಟೆಯ ಆಕಾರವೇ ಬೇರೆ! ಟಿ-ಕೋಶಗಳಿಗೆ ಅನುಮಾನ ಬರುವುದು ಸಹಜ. ನೆನಪಿಡಿ, ಪ್ರಕೃತಿಯಲ್ಲಿ ಯಾರೂ ಯಾರಿಗೂ ಮೂತ್ರಪಿಂಡ ಕೊಡುವುದಿಲ್ಲ. ಕಸಿಯನ್ನು ತಡೆಯಬೇಕೆಂದು ಈ ಕಾವಲು ಹುಟ್ಟಿಕೊಂಡಿಲ್ಲ. ರೋಗಾಣುಗಳಿಗಾಗಿ ಇಟ್ಟ ಕಾವಲಿಗೆ, ನೆರವಿಗೆಂದು ಬಂದ ನೆಂಟನೂ ಕಳ್ಳನಂತೆ ಕಾಣುತ್ತಾನೆ, ಅಷ್ಟೆ.

ಈ ತಟ್ಟೆಗಳಲ್ಲಿ ಸಾವಿರಾರು ಬಗೆಗಳಿವೆ. ನಿಮ್ಮವು ಯಾವುವು ಎಂಬುದು ತಂದೆತಾಯಿಯಿಂದ ಬರುತ್ತದೆ. ತರಗತಿಯಲ್ಲೇ ಒಂದು ಆಟ ಆಡಿ ನೋಡಿ. ಒಂದು ಡಬ್ಬಿಗೆ "ಅಮ್ಮ" ಎಂದು ಬರೆದು ಒಂದು ಹೆಸರುಕಾಳು, ಒಂದು ಕಡಲೆಕಾಳು ಹಾಕಿ. ಇನ್ನೊಂದಕ್ಕೆ "ಅಪ್ಪ" ಎಂದು ಬರೆದು ಒಂದು ಅವರೆಕಾಳು, ಒಂದು ತೊಗರಿಕಾಳು ಹಾಕಿ. ಕಣ್ಣು ಮುಚ್ಚಿ ಪ್ರತಿ ಡಬ್ಬಿಯಿಂದ ಒಂದೊಂದು ಕಾಳು ತೆಗೆಯಿರಿ. ಇದು ಮೊದಲನೆಯ ಮಗು. ಬರೆದುಕೊಂಡು ಕಾಳುಗಳನ್ನು ಮತ್ತೆ ಡಬ್ಬಿಗೆ ಹಾಕಿ, ಎರಡನೆಯ ಮಗುವಿಗಾಗಿ ತೆಗೆಯಿರಿ. ಎರಡು ಮಕ್ಕಳಿಗೂ ಒಂದೇ ಜೋಡಿ ಬಂತೇ? ಹೀಗೆ ನೂರು ಸಲ ಮಾಡಿದರೆ ಸುಮಾರು ಇಪ್ಪತ್ತೈದು ಸಲ ಮಾತ್ರ ಬರುತ್ತದೆ. ಅಕ್ಕನಿಗೆ ತಮ್ಮನ ಗುರುತು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗುವಿಗೂ ತಾಯಿಗೂ ಅರ್ಧ ಹೊಂದಿಯೇ ಹೊಂದುತ್ತದೆ. ಏಕೆಂದು ಕಾಳುಗಳನ್ನೇ ನೋಡಿ ಹೇಳಿ.

ಕೆಂಪು ರಕ್ತಕಣಗಳಿಗೆ ಈ ತಟ್ಟೆಗಳಿಲ್ಲವೆಂದೆವಲ್ಲ? ಅದಕ್ಕೇ ರಕ್ತದಾನ ಇಷ್ಟು ಸುಲಭ. ರಕ್ತದ ಗುಂಪು ಹೊಂದಿದರೆ ಸಾಕು, ಅಪರಿಚಿತರ ರಕ್ತವೂ ನಡೆಯುತ್ತದೆ.

ಕಾವಲುಗಾರರ ಶಾಲೆ

ಟಿ-ಕೋಶಗಳಿಗೆ ನಮ್ಮ ತಟ್ಟೆ ಯಾವುದೆಂದು ಹೇಳಿಕೊಟ್ಟವರು ಯಾರು? ಎದೆಮೂಳೆಯ ಹಿಂದೆ, ಹೃದಯದ ಮೇಲುಗಡೆ ಥೈಮಸ್ ಎಂಬ ಗ್ರಂಥಿ ಇದೆ. ಮಕ್ಕಳಲ್ಲಿ ಅದು ದೊಡ್ಡದು. ದೊಡ್ಡವರಾದಂತೆ ಕುಗ್ಗುತ್ತದೆ. ಬಹಳ ಕಾಲ ಇದರಿಂದ ಪ್ರಯೋಜನವೇ ಇಲ್ಲವೆಂದು ತಿಳಿದಿದ್ದರು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಆಗತಾನೆ ಹುಟ್ಟಿದ ಇಲಿಮರಿಗಳಿಂದ ಥೈಮಸ್ ತೆಗೆದು ನೋಡಿದರು. ಆ ಮರಿಗಳು ರೋಗಗಳಿಗೆ ಸುಲಭವಾಗಿ ತುತ್ತಾದವು. ಅಷ್ಟೇ ಅಲ್ಲ, ಬೇರೆ ಇಲಿಗಳ ಚರ್ಮವನ್ನು ಕಸಿ ಮಾಡಿದರೆ ಸುಮ್ಮನೆ ಇಟ್ಟುಕೊಂಡವು! ಕಾವಲು ಕಲಿಸುವ ಶಾಲೆಯನ್ನೇ ಮುಚ್ಚಿದಂತಾಗಿತ್ತು.

ಈ ಶಾಲೆಯ ಪರೀಕ್ಷೆ ಬಹಳ ಕಠಿಣ. ಮೂಳೆಯ ಮಜ್ಜೆಯಿಂದ ಬಂದ ಎಳೆಯ ಕೋಶಗಳಿಗೆ ಇಲ್ಲಿ ದೇಹದ ಸ್ವಂತ ತಟ್ಟೆಗಳನ್ನೂ ತುಣುಕುಗಳನ್ನೂ ತೋರಿಸಲಾಗುತ್ತದೆ. ತಟ್ಟೆಯನ್ನು ಗುರುತಿಸಲಾರದವು ಸಾಯುತ್ತವೆ. ಸ್ವಂತ ತುಣುಕುಗಳ ಮೇಲೆ ಹರಿಹಾಯುವವೂ ಸಾಯುತ್ತವೆ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಕೋಶಗಳು ಇಲ್ಲೇ ಮುಗಿದುಹೋಗುತ್ತವೆ. ನಿಮ್ಮ ಶಾಲೆಯಲ್ಲಿ ಹೀಗಿಲ್ಲವಲ್ಲ, ಸಂತೋಷಪಡಿ!

ತೇರ್ಗಡೆಯಾದವು ರಕ್ತದಲ್ಲಿ ಹೊರಡುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಯ ಸಂದಿನಲ್ಲಿ ಒಂದು ಗಂಟು ಎದ್ದು ನೋಯುತ್ತದಲ್ಲವೇ? ಅದು ಕಾವಲುಗಾರರು ಸೇರುವ ಠಾಣೆ. ಕಸಿಯಾದ ಅಂಗದಿಂದಲೂ ಸುದ್ದಿಗಾರ ಕೋಶಗಳು ಇಂತಹ ಠಾಣೆಗಳಿಗೇ ಓಡುತ್ತವೆ. ಅಲ್ಲಿ ಹೊಂದುವ ಟಿ-ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಲಕ್ಷಗಟ್ಟಲೆ ಬೆಳೆಯುತ್ತವೆ. ಇದಕ್ಕೆ ಕೆಲವು ದಿನ ಬೇಕು. ಬೇರೆಯವರ ಚರ್ಮ ಮೊದಲ ಕೆಲವು ದಿನ ಚೆನ್ನಾಗಿಯೇ ಕಾಣುವುದು ಈ ಕಾರಣದಿಂದ. ಆಮೇಲೆ ಟಿ-ಕೋಶಗಳು ಹೊಸ ಅಂಗಕ್ಕೆ ನುಗ್ಗಿ ಅದರ ಕೋಶಗಳಿಗೆ ತೂತು ಕೊರೆಯುತ್ತವೆ. ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಪ್ರತಿಕಾಯ ಎಂಬ ಪ್ರೋಟೀನುಗಳನ್ನು ಸುರಿಸುತ್ತವೆ. ಅವು ಅಂಗದ ರಕ್ತನಾಳಗಳಿಗೆ ಅಂಟಿಕೊಂಡು ಹಾನಿ ಮಾಡುತ್ತವೆ. ರಕ್ತ ನಿಂತರೆ ಅಂಗ ಉಳಿಯದು.

ಅವಳಿ ಸಹೋದರರು

ಹಾಗಾದರೆ ಗುರುತು ಪೂರ್ತಿ ಒಂದೇ ಆಗಿರುವವರು ಯಾರಾದರೂ ಇದ್ದಾರೆಯೇ? ಇದ್ದಾರೆ, ತದ್ರೂಪಿ ಅವಳಿಗಳು. ಅಮೆರಿಕದಲ್ಲಿ ರಿಚರ್ಡ್ ಹೆರಿಕ್ ಎಂಬ ಯುವಕನ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಆಗ ಅದಕ್ಕೆ ಸಾವೇ ಕೊನೆ. ಅವನಿಗೆ ರೊನಾಲ್ಡ್ ಎಂಬ ಅವಳಿ ಸಹೋದರನಿದ್ದ. ಇಬ್ಬರೂ ನಿಜವಾಗಿ ತದ್ರೂಪಿಗಳೇ? ನೋಡಲು ಒಂದೇ ಥರ ಇದ್ದರೆ ಸಾಲದು. ವೈದ್ಯರು ರೊನಾಲ್ಡನ ಚರ್ಮದ ಚಿಕ್ಕ ಚೂರನ್ನು ರಿಚರ್ಡನಿಗೆ ಕಸಿ ಮಾಡಿ ಕಾದರು. ಅದು ಬೀಳಲಿಲ್ಲ! 1954ರ ಡಿಸೆಂಬರ್ 23ರಂದು ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಮತ್ತು ಜೊತೆಗಾರರು ಮೂತ್ರಪಿಂಡದ ಕಸಿ ಮಾಡಿದರು.

ಇದು ಸುಲಭದ ನಿರ್ಧಾರವಾಗಿರಲಿಲ್ಲ. ಯಾವ ರೋಗವೂ ಇಲ್ಲದ ರೊನಾಲ್ಡನ ಹೊಟ್ಟೆ ಕೊಯ್ಯಬೇಕಿತ್ತು. ಅದರಿಂದ ಅವನಿಗೆ ಲಾಭವಿಲ್ಲ, ಅಪಾಯ ಮಾತ್ರ ಇತ್ತು. ರೊನಾಲ್ಡ್ ಹಿಂದೆ ಸರಿಯಲಿಲ್ಲ. ರಿಚರ್ಡ್ ಇನ್ನೂ ಎಂಟು ವರ್ಷ ಬದುಕಿದ. ಮದುವೆಯಾಗಿ ಎರಡು ಮಕ್ಕಳ ತಂದೆಯೂ ಆದ. ಒಂದೇ ಮೂತ್ರಪಿಂಡದಲ್ಲಿ ಬಾಳಿದ ರೊನಾಲ್ಡ್ 2010ರವರೆಗೂ ಇದ್ದರು.

ಆದರೆ ತದ್ರೂಪಿ ಅವಳಿ ಎಲ್ಲರಿಗೂ ಎಲ್ಲಿ ಸಿಗುತ್ತಾರೆ?

ಅವಳಿ ಕರುಗಳು ಹೇಳಿದ್ದು

ಅಷ್ಟರಲ್ಲಿ ಮೆಡಾವರ್ ಅವರಿಗೆ ದನಗಳಿಂದ ಒಂದು ಸುಳಿವು ಸಿಕ್ಕಿತ್ತು. ಅವಳಿ ಕರುಗಳು ತದ್ರೂಪಿಗಳೋ ಅಲ್ಲವೋ ಎಂದು ಪತ್ತೆ ಮಾಡುವುದು ಹೇಗೆಂದು ಒಬ್ಬ ವಿಜ್ಞಾನಿ ಅವರನ್ನು ಕೇಳಿದರು. "ಅದೇನು ಮಹಾ, ಒಂದರ ಚರ್ಮ ಇನ್ನೊಂದಕ್ಕೆ ಹಚ್ಚಿ ನೋಡಿ" ಎಂಬುದು ಮೆಡಾವರ್ ಅವರ ಸಲಹೆ. ಮಾಡಿ ನೋಡಿದರೆ ಆಶ್ಚರ್ಯ! ಒಂದು ಹೋರಿಗರು, ಒಂದು ಹೆಣ್ಣುಗರು ಇರುವ ಜೋಡಿಯಲ್ಲೂ ಚರ್ಮ ಹಿಡಿದುಕೊಂಡಿತು. ಅವು ತದ್ರೂಪಿಗಳಾಗಲು ಸಾಧ್ಯವೇ ಇಲ್ಲ.

ಇದರ ಕಾರಣವನ್ನು ಅಮೆರಿಕದ ರೇ ಓವೆನ್ 1945ರಲ್ಲೇ ಕಂಡಿದ್ದರು. ತಾಯಿಯ ಹೊಟ್ಟೆಯಲ್ಲಿರುವಾಗ ಅವಳಿ ಕರುಗಳ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಒಂದರ ರಕ್ತ ಇನ್ನೊಂದಕ್ಕೆ ಹೋಗುತ್ತದೆ. (ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು ಸಾಮಾನ್ಯವಾಗಿ ಗಬ್ಬ ಕಟ್ಟದಿರುವುದಕ್ಕೂ ಇದೇ ಕಾರಣ. ಮನೆಯಲ್ಲಿ ದನ ಸಾಕಿದವರನ್ನು ಕೇಳಿ ನೋಡಿ.) ಅಂದರೆ ಕಾವಲುಗಾರರು ಎಳೆಯರಾಗಿದ್ದಾಗಲೇ ಎದುರಾದವರನ್ನು "ನಮ್ಮವರು" ಎಂದು ಒಪ್ಪಿಬಿಡುತ್ತಾರೆ!

ಇದು ನಿಜವೇ ಎಂದು ನೋಡಲು ಮೆಡಾವರ್, ಬಿಲಿಂಗ್‌ಹ್ಯಾಮ್, ಬ್ರೆಂಟ್ ಮೂವರೂ ಸೇರಿ, ಇನ್ನೂ ಹುಟ್ಟದ ಕಂದು ಇಲಿಮರಿಗಳಿಗೆ ಬಿಳಿ ಇಲಿಯ ಜೀವಕೋಶಗಳನ್ನು ಚುಚ್ಚಿದರು. ಮರಿಗಳು ಹುಟ್ಟಿ ಬೆಳೆದ ಮೇಲೆ ಬಿಳಿ ಇಲಿಯ ಚರ್ಮವನ್ನು ಕಸಿ ಮಾಡಿದರು. ಕೆಲವು ಇಲಿಗಳಲ್ಲಿ ಕಸಿ ನಿಂತಿತು. ಕಂದು ಮೈಮೇಲೆ ಬಿಳಿ ಕೂದಲಿನ ತೇಪೆ ಹೊತ್ತು ಅವು ಓಡಾಡಿದವು. ಇದು ಪ್ರಕಟವಾದದ್ದು 1953ರಲ್ಲಿ. ಹೀಗೆ ಆಗಬಹುದೆಂದು ಮೊದಲೇ ಊಹಿಸಿದ್ದ ಆಸ್ಟ್ರೇಲಿಯಾದ ಬರ್ನೆಟ್ ಅವರಿಗೂ ಮೆಡಾವರ್ ಅವರಿಗೂ 1960ರ ನೊಬೆಲ್ ಪ್ರಶಸ್ತಿ ಬಂತು. ದೇಹದ ತೀರ್ಪನ್ನು ಬದಲಿಸಬಹುದು ಎಂದು ಮೊದಲ ಬಾರಿ ತಿಳಿದದ್ದು ಆ ತೇಪೆಯಿಂದ.

ಹುಟ್ಟುವ ಮೊದಲೇ ಮನುಷ್ಯರಿಗೆ ಹೀಗೆ ಮಾಡುವಂತಿಲ್ಲ. ಯಾರಿಗೆ ಯಾವ ಅಂಗ ಬೇಕಾಗುತ್ತದೆಂದು ಮೊದಲೇ ಯಾರು ಬಲ್ಲರು? ಉಳಿದ ದಾರಿ, ಔಷಧದಿಂದ ಕಾವಲನ್ನು ಸಡಿಲಗೊಳಿಸುವುದು.

ಮಣ್ಣಿನಿಂದ ಬಂದ ಔಷಧ

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಜೋಡಿಸಿದರು. ಜಗತ್ತೆಲ್ಲ ಬೆರಗಾಯಿತು. ಆದರೆ ರೋಗಿ ಬದುಕಿದ್ದು 18 ದಿನ. ಹೊಸ ಹೃದಯ ಕೈಕೊಟ್ಟಿತೇ? ಇಲ್ಲ. ಕಾವಲನ್ನು ತಗ್ಗಿಸಲು ಕೊಟ್ಟ ಚಿಕಿತ್ಸೆಯಿಂದ ಅವನ ದೇಹಕ್ಕೆ ರೋಗಾಣುಗಳನ್ನು ಎದುರಿಸುವ ಶಕ್ತಿಯೂ ತಗ್ಗಿತ್ತು. ಶ್ವಾಸಕೋಶಕ್ಕೆ ನ್ಯುಮೋನಿಯಾ ತಗುಲಿತು. ಕಾವಲು ಬಿಗಿಯಾದರೆ ಅಂಗ ಹೋಗುತ್ತದೆ, ಸಡಿಲವಾದರೆ ಪ್ರಾಣವೇ ಹೋಗುತ್ತದೆ. ವೈದ್ಯರು ಇಂದಿಗೂ ಈ ಎರಡರ ನಡುವೆಯೇ ನಡೆಯುತ್ತಿದ್ದಾರೆ.

ಭಾರತದಲ್ಲಿ ಮೂತ್ರಪಿಂಡದ ಮೊದಲ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. ಆ ಹೊತ್ತಿಗೆ ಯುರೋಪಿನಲ್ಲಿ ಒಂದು ಚಿಟಿಕೆ ಮಣ್ಣು ಹೊಸ ಕಥೆ ಬರೆಯುತ್ತಿತ್ತು. ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯೊಂದರ ನೌಕರರೊಬ್ಬರು 1969ರಲ್ಲಿ ರಜೆಗೆಂದು ನಾರ್ವೆಗೆ ಹೋಗಿದ್ದಾಗ ಅಲ್ಲಿನ ಎತ್ತರದ ಬಯಲಿನ ಮಣ್ಣನ್ನು ಕಟ್ಟಿಕೊಂಡು ಬಂದಿದ್ದರು. ಅದರಲ್ಲಿದ್ದ ಒಂದು ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಎಂಬ ವಸ್ತು ಸಿಕ್ಕಿತು. ಅದು ಇಡೀ ಸೈನ್ಯವನ್ನು ಮಲಗಿಸದೆ, ಮುಖ್ಯವಾಗಿ ಟಿ-ಕೋಶಗಳು ಸಂಖ್ಯೆಯಲ್ಲಿ ಬೆಳೆಯುವುದನ್ನು ತಡೆಯುತ್ತದೆ. 1978ರಲ್ಲಿ ಕೇಂಬ್ರಿಜ್‌ನ ರಾಯ್ ಕಾನ್ ಇದನ್ನು ಕಸಿಯಾದ ರೋಗಿಗಳಿಗೆ ಕೊಟ್ಟರು. ಆಮೇಲೆ ಹೃದಯ, ಯಕೃತ್ತು, ಮೂತ್ರಪಿಂಡ ಕಸಿಗಳು ಊರೂರಿನ ಸುದ್ದಿಯಾದವು. ಈಗ ಹೆಚ್ಚಾಗಿ ಕೊಡುವ ಟ್ಯಾಕ್ರೊಲಿಮಸ್ ಕೂಡ ಮಣ್ಣಿನದೇ ಕೊಡುಗೆ. ಅದು ಜಪಾನಿನಲ್ಲಿ ದೊರೆತ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು.

ನಿಮ್ಮ ಊರಲ್ಲಿ ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿದ್ದರೆ ಗಮನಿಸಿ. ದಿನವೂ ಗಡಿಯಾರ ನೋಡಿ ಮಾತ್ರೆ ನುಂಗುತ್ತಾರೆ. ಆರಾಮಾಗಿದ್ದೇನೆಂದು ಬಿಟ್ಟುಬಿಟ್ಟರೆ ಕಾವಲುಗಾರರು ಮತ್ತೆ ಎಚ್ಚರಗೊಳ್ಳುತ್ತಾರೆ. ಜಾತ್ರೆ, ಸಂತೆಗಳಲ್ಲಿ ಅವರು ಮುಖಕ್ಕೆ ಮುಸುಕು ಹಾಕುವುದೂ ಇದಕ್ಕೇ. ನಿಮಗೆ ಶೀತ, ಜ್ವರ ಇದ್ದಾಗ ಅವರ ಮನೆಗೆ ಹೋಗದಿರುವುದು ಒಳ್ಳೆಯದು.

ಕಾವಲು ಕಡಿಮೆ ಇರುವ ಕಿಟಕಿ

ಒಂದು ಒಗಟು ಉಳಿಯಿತು. ಮೂತ್ರಪಿಂಡದ ಕಸಿಗಿಂತ ಸುಮಾರು ಐವತ್ತು ವರ್ಷ ಮೊದಲೇ, 1905ರಲ್ಲಿ, ಈಗಿನ ಚೆಕ್ ದೇಶದಲ್ಲಿರುವ ಓಲೊಮೊತ್ಸ್ ಎಂಬ ಊರಿನಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಸುಣ್ಣ ಸಿಡಿದು ದೃಷ್ಟಿ ಕಳೆದುಕೊಂಡಿದ್ದವನಿಗೆ ಬೇರೆಯವರ ಕಣ್ಣಿನ ಕಾರ್ನಿಯಾ ಜೋಡಿಸಿ ದೃಷ್ಟಿ ಮರಳಿಸಿದ್ದರು. ಆಗ ಸೈಕ್ಲೋಸ್ಪೋರಿನ್ ಎಲ್ಲಿತ್ತು? ಎಚ್‌ಎಲ್‌ಎ ಯಾರಿಗೆ ಗೊತ್ತಿತ್ತು?

ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆ. ಬೆಳಕು ಸರಾಗವಾಗಿ ಒಳಗೆ ಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳೇ ಇಲ್ಲ. ರಸ್ತೆಯೇ ಇಲ್ಲದ ಮೇಲೆ ಕಾವಲುಗಾರರು ಬರುವುದಾದರೂ ಹೇಗೆ? ಕಾರ್ನಿಯಾವನ್ನೂ ದೇಹ ಕೆಲವೊಮ್ಮೆ ತಿರಸ್ಕರಿಸುವುದುಂಟು. ಆದರೆ ಸಾಮಾನ್ಯವಾಗಿ ಗುರುತು ಹೊಂದಿಸದೆ, ಕಣ್ಣಿಗೆ ಹಾಕುವ ಹನಿಯ ಔಷಧದಿಂದಲೇ ನಿಭಾಯಿಸುತ್ತಾರೆ. ಆದ್ದರಿಂದಲೇ ಯಾರು ಬೇಕಾದರೂ ಯಾರಿಗಾದರೂ ಕಣ್ಣು ಕೊಡಬಹುದು. ನಟ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗ ವೈದ್ಯರು ಕಾರ್ನಿಯಾಗಳ ಪದರಗಳನ್ನು ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು.

ಇದಕ್ಕಿಂತ ದೊಡ್ಡ ಒಗಟನ್ನು ನಾವೆಲ್ಲ ದಾಟಿ ಬಂದಿದ್ದೇವೆ. ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ತಟ್ಟೆಗಳಲ್ಲಿ ಅರ್ಧ ತಂದೆಯವು. ತಾಯಿಯ ಕಾವಲುಗಾರರಿಗೆ ಅವು ಪರಕೀಯ. ಆದರೂ ಒಂಬತ್ತು ತಿಂಗಳು ಮಗು ಕ್ಷೇಮವಾಗಿ ಬೆಳೆಯುತ್ತದೆ! ನಡುವೆ ಇರುವ ಮಾಸು ಅಥವಾ ಕಸ ಎಂಬ ಅಂಗ ತಾಯಿಯ ಕಡೆಗಿರುವ ತನ್ನ ಹೊರಮೈಯಲ್ಲಿ ಸಾಮಾನ್ಯ ತಟ್ಟೆಗಳನ್ನೇ ತೋರಿಸುವುದಿಲ್ಲ. ಅದು ಮಾಡುವ ಇತರ ಉಪಾಯಗಳನ್ನು ವಿಜ್ಞಾನಿಗಳು ಇನ್ನೂ ಒಂದೊಂದಾಗಿ ಬಿಡಿಸುತ್ತಿದ್ದಾರೆ.

ಅಂಗ ಬೇಕಾದವರು ಬಹಳ, ಕೊಡುವವರು ಕಡಿಮೆ. ಅದಕ್ಕೇ ಹಂದಿಯ ಕಡೆ ಕಣ್ಣು ಹೋಗಿದೆ. ಹಂದಿಯ ಅಂಗಗಳು ಗಾತ್ರದಲ್ಲಿ ನಮ್ಮವಕ್ಕೆ ಹೋಲುತ್ತವೆ. ಆದರೆ ಅದರ ಕೋಶಗಳ ಮೇಲೆ ನಮ್ಮಲ್ಲಿಲ್ಲದ ಒಂದು ಬಗೆಯ ಸಕ್ಕರೆ ಇದೆ. ಅದರ ವಿರುದ್ಧ ಪ್ರತಿಕಾಯಗಳು ನಮ್ಮೆಲ್ಲರ ರಕ್ತದಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಹಾಗಾಗಿ ದಿನಗಳಲ್ಲ, ಕೆಲವು ನಿಮಿಷ, ಗಂಟೆಗಳಲ್ಲೇ ಅಂಗ ಕಪ್ಪಾಗಬಹುದು. ಆ ಸಕ್ಕರೆ ತಯಾರಾಗದಂತೆ ವಂಶವಾಹಿಗಳನ್ನು ತಿದ್ದಿದ ಹಂದಿಗಳನ್ನು ಈಗ ಬೆಳೆಸಿದ್ದಾರೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹೀಗೆ ಹತ್ತು ತಿದ್ದುಪಡಿಗಳಾದ ಹಂದಿಯ ಹೃದಯ ಪಡೆದ ರೋಗಿ ಎರಡು ತಿಂಗಳು ಬದುಕಿದ. 2024ರ ಮಾರ್ಚ್‌ನಲ್ಲಿ ಇನ್ನೊಬ್ಬ ರೋಗಿಗೆ 69 ತಿದ್ದುಪಡಿಗಳಾದ ಹಂದಿಯ ಮೂತ್ರಪಿಂಡ ಜೋಡಿಸಿದರು. ಅದು ನಡೆದ ಊರು, ಎಪ್ಪತ್ತು ವರ್ಷಗಳ ಹಿಂದೆ ರೊನಾಲ್ಡ್ ತನ್ನ ಸಹೋದರನಿಗೆ ಮೂತ್ರಪಿಂಡ ಕೊಟ್ಟ ಅದೇ ಬಾಸ್ಟನ್.